ಪ್ಲಾಸ್ಟಿಕ್ ಕೀ, ಹಿತ್ತಾಳೆ ಕೀ, ಪಕ್ಕದ ಮನೆಯ ಮೊಳೆ: ತುರ್ತಿಗೆ ಯಾವುದು ಆಗುತ್ತದೆ?

ಅಮ್ಮ ಬೆಳಗ್ಗೆ ಆರು ಗಂಟೆಗೆ ರಂಗೋಲಿ ಹಾಕೋಕೆ ಹೊರಗೆ ಬಂದಿದ್ದರು. ಒಲೆಯ ಮೇಲೆ ಹಾಲು ಇಟ್ಟಿದ್ದರು. ಗಾಳಿ ಬೀಸಿತು, ಬಾಗಿಲು ಟಪ್ ಅಂತ ಮುಚ್ಚಿಕೊಂಡಿತು. ನಮ್ಮದು ನೈಟ್ ಲ್ಯಾಚ್. ಮುಚ್ಚಿದರೆ ಸಾಕು, ಒಳಗಿಂದ ತಾನೇ ಬೀಗ ಬೀಳುತ್ತದೆ. ಕೀ ಒಳಗೆ, ಮೊಬೈಲ್ ಒಳಗೆ, ನಾನು ಬೇರೆ ಊರಲ್ಲಿ. ಹಾಲು ಉಕ್ಕಿ ಉರಿ ಆರಿತು. ಕಿಟಕಿಯಿಂದ ಗ್ಯಾಸ್ ವಾಸನೆ ಬರೋಕೆ ಶುರುವಾಯಿತು. ಪಕ್ಕದ ಮನೆಯವರು ಅಡುಗೆಮನೆ ಕಿಟಕಿಯ ಸೊಳ್ಳೆ ಪರದೆ ಹರಿದು, ಸರಳಿನ ನಡುವೆ ಕೈ ತೂರಿಸಿ, ಸ್ಟವ್ ನಾಬ್ ತಿರುಗಿಸಿದರು. ಕೀ ಮಾಡುವವರು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಒಂಬತ್ತೂವರೆ ಆಗಿತ್ತು. ಅಷ್ಟು ಹೊತ್ತೂ ಅಮ್ಮ ಪಕ್ಕದವರ ಜಗಲಿ ಮೇಲೆ ಕೂತಿದ್ದರು.

ಆಮೇಲೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಕೀ ಮಾಡಬಹುದು ಅಂತ ಯಾರೋ ಹೇಳಿದರು. ಮಾಡಿ ನೋಡಿದೆ. ಒಂದಲ್ಲ, ಮನೆಯಲ್ಲಿ ಸಿಕ್ಕ ಐದಾರು ಥರದ ಪ್ಲಾಸ್ಟಿಕ್ಕಿನಲ್ಲಿ ಮಾಡಿದೆ. ಕೆಲವು ಕೆಲಸ ಮಾಡಿದವು, ಕೆಲವು ಬೀಗದೊಳಗೇ ಮುರಿದವು. ಆ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ. ಪ್ಲಾಸ್ಟಿಕ್ ಕೀ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನೀವು ಯಾವ ಥರ ಹೊರಗೆ ಸಿಕ್ಕಿಹಾಕಿಕೊಳ್ಳುತ್ತೀರಿ ಅನ್ನೋದನ್ನು ಮೊದಲು ನೋಡಬೇಕು. ಪರ್ಸ್ ಕೈಯಲ್ಲಿದ್ದು ಕೀ ಕಳೆದುಕೊಳ್ಳುವವರು ಬೇರೆ. ಅಮ್ಮನ ಹಾಗೆ ಬರಿಗೈಯಲ್ಲಿ ಹೊರಗೆ ಬರುವವರು ಬೇರೆ. ಇಬ್ಬರಿಗೂ ಬೇಕಾದ ಪರಿಹಾರ ಒಂದೇ ಅಲ್ಲ.

ಮೊದಲು ಬೀಗ ನೋಡಿ

ನಿಮ್ಮ ಕೀ ಕೈಗೆತ್ತಿಕೊಳ್ಳಿ. ಚಪ್ಪಟೆಯಾಗಿದ್ದು, ಒಂದು ಅಂಚಿನಲ್ಲಿ ಮಾತ್ರ ಗರಗಸದ ಹಾಗೆ ಹಲ್ಲು ಇದೆಯಾ? ಹಾಗಿದ್ದರೆ ಅದು ಹೆಚ್ಚುಕಮ್ಮಿ ಪಿನ್ ಬೀಗದ ಕೀ. ಅಮೆರಿಕದ ಲೈನಸ್ ಯೇಲ್ ಜೂನಿಯರ್ 1861ರಲ್ಲಿ ಪೇಟೆಂಟ್ ಪಡೆದ ವಿಧಾನವೇ ಇವತ್ತಿನ ನೈಟ್ ಲ್ಯಾಚ್‌ಗಳಲ್ಲೂ ಇದೆ. ಒಳಗೆ ಸಾಲಾಗಿ ಐದೋ ಆರೋ ಪಿನ್ನು. ಪ್ರತಿ ಪಿನ್ನೂ ಎರಡು ತುಂಡು, ಮೇಲೊಂದು ಸ್ಪ್ರಿಂಗ್. ಸರಿಯಾದ ಕೀ ಹಾಕಿದಾಗ ಎಲ್ಲ ಪಿನ್ನುಗಳ ಎರಡು ತುಂಡು ಸೇರುವ ಜಾಗವೂ ಒಂದೇ ಗೆರೆಗೆ ಬರುತ್ತದೆ. ಆಗ ಒಳಗಿನ ಉರುಳೆ ತಿರುಗುತ್ತದೆ.

ಬೀಗದೊಳಗೆ ಹೋದ ಕೀ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಒಂದು, ಪಿನ್ನು ಎತ್ತುವುದು. ಇನ್ನೊಂದು, ತಿರುಗಿಸುವುದು. ಎತ್ತೋಕೆ ಬಲವೇ ಬೇಡ, ಸ್ಪ್ರಿಂಗ್ ಅಷ್ಟು ಮೆತ್ತಗಿರುತ್ತದೆ. ಆ ಕೆಲಸ ಪ್ಲಾಸ್ಟಿಕ್ ಚೆನ್ನಾಗಿ ಮಾಡುತ್ತದೆ. ತಿರುಗಿಸೋಕೆ ಬಲ ಬೇಕು, ಅದು ಪ್ಲಾಸ್ಟಿಕ್ಕಿನ ಕೈಲಿ ಆಗುವುದಿಲ್ಲ. ಇದೊಂದನ್ನು ತಿಳಿದುಕೊಂಡರೆ ಮುಂದಿನದ್ದೆಲ್ಲ ಸುಲಭ.

ಬೀರು, ಹಳೇ ಹೆಬ್ಬಾಗಿಲು, ಅಂಗಡಿಯ ದೊಡ್ಡ ಬೀಗಗಳದ್ದು ಬೇರೆ ಕಥೆ. ಅವುಗಳ ಕೀ ಉದ್ದನೆಯ ದುಂಡು ಕಡ್ಡಿಯ ತುದಿಯಲ್ಲಿ ಬಾವುಟ ಕಟ್ಟಿದ ಹಾಗಿರುತ್ತದೆ. ಇವು ಲಿವರ್ ಬೀಗ, ಒಳಗೆ ಪಿನ್ನಿನ ಬದಲು ಲಿವರ್ ಅನ್ನೋ ಚಪ್ಪಟೆ ಪಟ್ಟಿಗಳಿರುತ್ತವೆ. ಲಿವರ್ ಎತ್ತುವುದೂ ಆ ಬಾವುಟವೇ, ಒಳಗಿನ ಅಗುಳಿಯನ್ನು ತಳ್ಳುವುದೂ ಅದೇ. ಬಲವೆಲ್ಲ ತುದಿಯ ಮೇಲೆ ಬೀಳುತ್ತದೆ. ಇಲ್ಲಿ ಪ್ಲಾಸ್ಟಿಕ್ ಪ್ರಯತ್ನ ಮಾಡಲೇಬೇಡಿ. ನಮ್ಮ ಕೀ ಅಂಗಡಿಗಳಲ್ಲಿ ‘ಕಂಪ್ಯೂಟರ್ ಕೀ’ ಅಂತ ಕರೆಯುತ್ತಾರಲ್ಲ, ಹಲ್ಲಿನ ಬದಲು ಚಪ್ಪಟೆ ಮೈಮೇಲೆ ಗುಳಿ ಗುಳಿ ಇರುವಂಥದ್ದು, ಅದಕ್ಕೂ ಆಗುವುದಿಲ್ಲ. ಗುಳಿ ಕೊರೆಯೋಕೆ ಕಾರ್ಡಿಗೆ ಅಷ್ಟು ದಪ್ಪ ಎಲ್ಲಿದೆ?

ಬೈಕ್, ಸ್ಕೂಟರ್‌ಗೂ ಬೇಡ. ಇಗ್ನಿಷನ್‌ನಲ್ಲಿ ಚೂರು ಮುರಿದು ಉಳಿದರೆ ಇಡೀ ಲಾಕ್ ಸೆಟ್ ಬಿಚ್ಚಬೇಕಾಗಬಹುದು. ಈಗಿನ ಬಹಳಷ್ಟು ಕಾರುಗಳ ಕೀಯೊಳಗೆ ಚಿಪ್ ಇರುತ್ತದೆ. ಆಕಾರ ಸರಿ ಇದ್ದರೂ ಚಿಪ್ ಇಲ್ಲದೆ ಇಂಜಿನ್ ಶುರುವಾಗುವುದಿಲ್ಲ. ಆದರೆ ಮೇಜಿನ ಡ್ರಾಯರ್, ಕಾಗದದ ಡಬ್ಬ, ಚಿಕ್ಕ ಸೂಟ್‌ಕೇಸ್, ಇಂಥ ಹಗುರ ಬೀಗಗಳಿಗೆ ಪ್ಲಾಸ್ಟಿಕ್ ಕೀ ಆರಾಮಾಗಿ ಆಗುತ್ತದೆ.

ಮನೆಯಲ್ಲಿರೋ ಪ್ಲಾಸ್ಟಿಕ್‌ಗಳಲ್ಲಿ ಯಾವುದು?

ನೀರಿನ ಬಾಟಲಿಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ಅದು ಪೆಟ್ ಪ್ಲಾಸ್ಟಿಕ್, ತಳದಲ್ಲಿ ತ್ರಿಕೋನದೊಳಗೆ 1 ಅಂತ ಬರೆದಿರುತ್ತದೆ. ತುಂಬ ತೆಳು. ಬೀಗದೊಳಗೆ ಹೋಗುತ್ತದೆ, ಆದರೆ ಪಿನ್ನಿನ ಒತ್ತಡಕ್ಕೆ ಬಾಗಿ ಪಕ್ಕಕ್ಕೆ ಜಾರುತ್ತದೆ. ಬಿಟ್ಟುಬಿಡಿ.

ಐಸ್‌ಕ್ರೀಮ್ ಡಬ್ಬಿ, ಮೊಸರಿನ ಡಬ್ಬಿಯ ಮುಚ್ಚಳ ಸಾಮಾನ್ಯವಾಗಿ 5ನೇ ನಂಬರಿನದ್ದು, ಪಾಲಿಪ್ರೊಪಿಲೀನ್. ಕತ್ತರಿಯಲ್ಲಿ ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸಬಹುದು. ಎಷ್ಟು ಬಗ್ಗಿಸಿದರೂ ಮುರಿಯುವುದಿಲ್ಲ. ಆ ಬಗ್ಗುವ ಗುಣವೇ ಇಲ್ಲಿ ತೊಂದರೆ, ಹಲ್ಲು ನೆಟ್ಟಗೆ ನಿಲ್ಲುವುದಿಲ್ಲ. ಆದರೆ ಕೈ ಪಳಗಿಸಿಕೊಳ್ಳೋಕೆ ಇದಕ್ಕಿಂತ ಒಳ್ಳೆಯದು ಇಲ್ಲ. ನಾನು ಮೊದಲ ಮೂರು ಕೀ ಮಾಡಿದ್ದು ಮೊಸರಿನ ಮುಚ್ಚಳದಲ್ಲೇ. ಶಾಂಪೂ ಬಾಟಲಿಯದ್ದೂ ಹೆಚ್ಚುಕಮ್ಮಿ ಇದೇ ಹಣೆಬರಹ.

ಮಕ್ಕಳ ಪಾರದರ್ಶಕ ಸ್ಕೇಲು ಗಟ್ಟಿ ಅನಿಸುತ್ತದೆ. ಕತ್ತರಿಸಿದ ಕೂಡಲೇ ಚಟಕ್ ಅಂತ ಸೀಳುತ್ತದೆ. ಬೀಗದೊಳಗೆ ಸೀಳಿದರೆ ನಿಮ್ಮ ಕಷ್ಟ ಎರಡಾಗುತ್ತದೆ. ಬೇಡ.

ಹಳೇ ಸಿಡಿ ಪಾಲಿಕಾರ್ಬೊನೇಟ್, 1.2 ಮಿಲಿಮೀಟರ್ ದಪ್ಪ. ಮನೆಯಲ್ಲಿ ಸಿಗೋದರಲ್ಲಿ ಇದೇ ಬಲವಾದದ್ದು. ಆದರೆ ಕತ್ತರಿಸುವಾಗ ಬಿರುಕು ಬಿಡುತ್ತದೆ, ಹೊಳೆಯುವ ಪದರ ಪುಡಿಪುಡಿಯಾಗಿ ಉದುರುತ್ತದೆ, ಚೂರು ಕಣ್ಣಿಗೆ ಹಾರಬಹುದು. ಬಿಸಿನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟು, ಕತ್ತರಿ ಬಳಸದೆ ಬ್ಲೇಡಿನಿಂದ ಗೀರಿ ಗೀರಿ ಬಿಡಿಸಬೇಕು. ಕನ್ನಡಕ ಹಾಕಿಕೊಳ್ಳಿ. ಇಷ್ಟೆಲ್ಲ ತಾಳ್ಮೆ ಇದ್ದವರಿಗೆ ಸಿಡಿ ಸರಿ.

ಉಳಿದದ್ದು ಅವಧಿ ಮುಗಿದ ಎಟಿಎಂ ಕಾರ್ಡ್. ನನ್ನ ಆಯ್ಕೆ ಇದೇ. ಪ್ರಪಂಚದ ಯಾವ ಬ್ಯಾಂಕಿನ ಕಾರ್ಡ್ ತಗೊಂಡರೂ ಅಳತೆ ಒಂದೇ: 85.60 ಮಿ.ಮೀ. ಉದ್ದ, 53.98 ಮಿ.ಮೀ. ಅಗಲ, 0.76 ಮಿ.ಮೀ. ದಪ್ಪ. ಸಾಮಾನ್ಯವಾಗಿ ಪಿವಿಸಿ. ನೆಟ್ಟಗೆ ನಿಲ್ಲುವಷ್ಟು ಬಿಗಿ ಇದೆ, ಕತ್ತರಿಗೆ ಸಿಗುವಷ್ಟು ಮೃದು ಇದೆ. ಹಿತ್ತಾಳೆ ಕೀ ಸುಮಾರು 2 ಮಿ.ಮೀ. ದಪ್ಪ ಇರುತ್ತದೆ. ಕಾರ್ಡ್ ಅದರ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಕೀ ತೂತು ಅಂಕುಡೊಂಕಾಗಿದ್ದರೂ ಎಷ್ಟೋ ಬೀಗಗಳಲ್ಲಿ ಕಾರ್ಡ್ ನುಸುಳಿಕೊಂಡು ಹೋಗುತ್ತದೆ. ತೂತಿನ ಡೊಂಕು ತೀರಾ ಜಾಸ್ತಿ ಇದ್ದರೆ ಮಾತ್ರ ಕಾರ್ಡೂ ಹೋಗುವುದಿಲ್ಲ. ಉಬ್ಬಿದ ಅಕ್ಷರ ಇರುವ ಭಾಗ, ಚಿಪ್ ಇರುವ ಭಾಗ ಬಿಟ್ಟು ಕತ್ತರಿಸಿ. ಚಾಲ್ತಿಯಲ್ಲಿರುವ ಕಾರ್ಡ್ ಅಲ್ಲ ಅನ್ನೋದನ್ನು ಎರಡು ಸಲ ನೋಡಿಕೊಳ್ಳಿ.

ಎಟಿಎಂ ಕಾರ್ಡಿಗಿಂತ ಇನ್ನೂ ಒಳ್ಳೆಯದು ಒಂದಿದೆ. ಹೊಸ ಸಿಮ್ ತಗೊಂಡಾಗ ಸಿಮ್ ಮುರಿದುಕೊಂಡು ಉಳಿದ ಕಾರ್ಡನ್ನು ಡ್ರಾಯರಿಗೆ ಎಸೆದಿರುತ್ತೀರಿ, ಅಲ್ವಾ? ಪೂರ್ತಿ ಸೈಜಿನದ್ದಾದರೆ ಅದೂ ಅದೇ ಅಳತೆ, ಅದೇ ದಪ್ಪ. ಉಬ್ಬಕ್ಷರ ಇಲ್ಲ, ಚಿಪ್ ಆಗಲೇ ಹೋಗಿದೆ. ಸಿಮ್ ಇದ್ದ ತೂತಿನ ಪಕ್ಕದಲ್ಲಿ ಉದ್ದಕ್ಕೆ ಒಂದು ಕೀ ಮಲಗಿಸುವಷ್ಟು ಜಾಗ ಇರುತ್ತದೆ. ಅರ್ಧ ಸೈಜಿನ ಕಾರ್ಡುಗಳೂ ಬರುತ್ತವೆ, ಅವು ಸಾಲುವುದಿಲ್ಲ.

ಒಂದು ಎಚ್ಚರಿಕೆ. ಯಾವ ಪ್ಲಾಸ್ಟಿಕ್ಕನ್ನೂ ಬೆಂಕಿಗೆ ಹಿಡಿದು ಕೀ ಒತ್ತಿ ಅಚ್ಚು ತೆಗೆಯೋಕೆ ಹೋಗಬೇಡಿ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ, ಗಂಟಲು ಕಣ್ಣು ಉರಿಯುತ್ತದೆ. ಮಕ್ಕಳಿರೋ ಮನೆಯಲ್ಲಂತೂ ಬೇಡವೇ ಬೇಡ.

ಕತ್ತರಿಸುವಾಗ

ಗೆರೆ ಎಳೆಯುವುದರಲ್ಲೇ ಅರ್ಧ ಸೋಲು ಗೆಲುವು ಇದೆ. ಪಿನ್ ಬೀಗದ ಕೀಯಲ್ಲಿ ಹಲ್ಲಿನ ತಗ್ಗಿನ ಒಂದು ಆಳಕ್ಕೂ ಮುಂದಿನ ಆಳಕ್ಕೂ ಇರುವ ವ್ಯತ್ಯಾಸ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು. ಬಾಲ್ ಪೆನ್ನಿನ ಗೆರೆಯೇ ಅಷ್ಟು ದಪ್ಪ. ಅಂದರೆ ಗೆರೆಯ ಈಚೆ ಕತ್ತರಿಸಿದಿರೋ ಆಚೆ ಕತ್ತರಿಸಿದಿರೋ ಅನ್ನೋದರ ಮೇಲೆ ಬಾಗಿಲು ತೆಗೆಯುತ್ತೋ ಇಲ್ಲವೋ ತೀರ್ಮಾನವಾಗುತ್ತದೆ. ಅದಕ್ಕೆ ನಾನು ಪೆನ್ ಬಿಟ್ಟು ಮಸಿ ಹಿಡಿದೆ. ಕೀಯನ್ನು ಇಕ್ಕಳದಲ್ಲಿ ಹಿಡಿದು ಮೇಣದಬತ್ತಿಯ ಜ್ವಾಲೆಯ ಮೇಲೆ ಆಡಿಸಿ. ಕಪ್ಪು ಮಸಿ ಹತ್ತುತ್ತದೆ. ಆರಲು ಬಿಡಿ. ಅದರ ಮೇಲೆ ಸೆಲೋ ಟೇಪ್ ಒತ್ತಿ ಎತ್ತಿದರೆ ಕೀಯ ಆಕಾರ ಹಲ್ಲು ಸಮೇತ ಟೇಪಿಗೆ ಬರುತ್ತದೆ. ಆ ಟೇಪನ್ನು ಕಾರ್ಡಿಗೆ ಅಂಟಿಸಿ. ನಾಲ್ಕನೇ ಹಲ್ಲಿನ ಹತ್ತಿರ ಸವೆದು ಹೋದ ಚಿಕ್ಕ ಇಳಿಜಾರು ಕೂಡ ಅದರಲ್ಲಿ ಕಾಣುತ್ತಿತ್ತು.

ಕತ್ತರಿಯಲ್ಲಿ ಗೆರೆಯಿಂದ ಕೂದಲೆಳೆಯಷ್ಟು ಹೊರಗೇ ಕತ್ತರಿಸಿ. ಉಳಿದದ್ದನ್ನು ನೇಲ್ ಕಟರಿನಲ್ಲಿರುವ ಅರದಿಂದ ಉಜ್ಜಿ ಉಜ್ಜಿ ಇಳಿಸಿ. ಜಾಸ್ತಿ ಉಳಿದದ್ದನ್ನು ತೆಗೆಯಬಹುದು, ಜಾಸ್ತಿ ತೆಗೆದದ್ದನ್ನು ಹಾಕೋಕೆ ಆಗುವುದಿಲ್ಲ. ಹಲ್ಲಿನ ತಗ್ಗುಗಳಿಗಿಂತ ಹಿಂಬದಿಯ ನೆಟ್ಟನೆಯ ಬೆನ್ನು ಮುಖ್ಯ. ಬೆನ್ನು ಡೊಂಕಾದರೆ ಎಲ್ಲ ಹಲ್ಲುಗಳ ಎತ್ತರವೂ ತಪ್ಪುತ್ತದೆ. ಅದಕ್ಕೆ ಕಾರ್ಡಿನ ಅಂಚನ್ನೇ ಕೀಯ ಬೆನ್ನಾಗಿ ಇಟ್ಟುಕೊಳ್ಳಿ, ಆ ಕಡೆ ಕತ್ತರಿಸುವ ಕೆಲಸವೇ ಇರುವುದಿಲ್ಲ.

ಇನ್ನು ತಿರುಗಿಸುವುದು. ಪ್ಲಾಸ್ಟಿಕ್ ಕೀ ಪೂರ್ತಿ ಒಳಗೆ ಹಾಕಿ. ಅದನ್ನು ಹಿಡಿದು ತಿರುಗಿಸಬೇಡಿ. ತೆಳುವಾದ ಚಪ್ಪಟೆ ಸ್ಕ್ರೂಡ್ರೈವರಿನ ತುದಿಯನ್ನು ಕೀ ತೂತಿನ ಬಾಯಲ್ಲಿ ಇಟ್ಟು, ಅದರಿಂದ ಮೆಲ್ಲಗೆ ತಿರುಗಿಸಿ. ತಿರುಗದಿದ್ದರೆ ಬಲ ಹಾಕುವ ಬದಲು ಕೀಯನ್ನು ಒಂದು ಎಳೆಯಷ್ಟು ಹಿಂದೆ ಮುಂದೆ ಆಡಿಸಿ. ಹಾಗೂ ಆಗದಿದ್ದರೆ ಹೊರಗೆ ತೆಗೆದು ನೋಡಿ, ಪಿನ್ನು ಎಲ್ಲಿ ಗೀರಿದೆ ಅಂತ ಕಾಣುತ್ತದೆ.

ಪರೀಕ್ಷೆ ಮಾಡುವುದು ಬಾಗಿಲು ತೆರೆದಿಟ್ಟುಕೊಂಡೇ. ಅಸಲಿ ಕೀ ಕೈಯಲ್ಲಿರಬೇಕು. ಚೂರು ಒಳಗೆ ಮುರಿದರೆ ಚಿಕ್ಕ ಚಿಮ್ಟ ಸಾಕು, ಬಾಗಿಲು ತೆರೆದೇ ಇರುವುದರಿಂದ ಗಾಬರಿ ಇರುವುದಿಲ್ಲ. ಫೆವಿಕ್ವಿಕ್ ಹಚ್ಚಿ ಎಳೆಯೋಣ ಅನ್ನೋ ಯೋಚನೆ ಬಂದರೆ ಅಲ್ಲೇ ಬಿಡಿ, ಪಿನ್ನುಗಳೇ ಅಂಟಿಕೊಳ್ಳುತ್ತವೆ. ಬೀಗ ಬಿಗಿ ಇದ್ದರೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿ ತುಂಬ ಮನೆಗಳಲ್ಲಿದೆ. ಎಣ್ಣೆಗೆ ಧೂಳು ಮೆತ್ತಿ ಆರು ತಿಂಗಳಲ್ಲಿ ಇನ್ನೂ ಬಿಗಿಯಾಗುತ್ತದೆ. ಪೆನ್ಸಿಲ್ ಸೀಸವನ್ನು ಕೆರೆದು ಆ ಪುಡಿಯನ್ನು ಕೀಗೆ ಸವರಿ ಹಾಕಿ ತೆಗೆಯಿರಿ. ಅದು ಗ್ರಾಫೈಟ್, ಎಣ್ಣೆಯ ಕೆಲಸ ಮಾಡುತ್ತದೆ, ಧೂಳು ಹಿಡಿಯುವುದಿಲ್ಲ.

ಕೀಯನ್ನು ಕಾರ್ಡಿನಿಂದ ಪೂರ್ತಿ ಬಿಡಿಸಬೇಕಾಗಿಲ್ಲ. ಎರಡು ಕಡೆ ಸಣ್ಣ ಸೇತುವೆ ಬಿಟ್ಟರೆ, ಸಿಮ್ ಕಾರ್ಡ್ ಕೂತಿರುವ ಹಾಗೆ ಕೀ ಅದರಲ್ಲೇ ಕೂತಿರುತ್ತದೆ. ಪರ್ಸಿನಲ್ಲಿ ಬಾಗುವುದಿಲ್ಲ, ಕಳೆಯುವುದಿಲ್ಲ. ಬೇಕಾದ ದಿನ ಮುರಿದುಕೊಳ್ಳಬಹುದು.

ಪ್ಲಾಸ್ಟಿಕ್ಕಿನ ಎದುರಿಗೆ ಉಳಿದವು

ಹಿತ್ತಾಳೆ ಡುಪ್ಲಿಕೇಟ್ ಕೀ ಎದುರು ಪ್ಲಾಸ್ಟಿಕ್ ನಿಲ್ಲುವುದಿಲ್ಲ, ಇದನ್ನು ನೇರವಾಗಿ ಹೇಳುತ್ತೇನೆ. ಛತ್ರಿ ಕೆಳಗೆ ಕೀ ಗೊಂಚಲು ನೇತುಹಾಕಿಕೊಂಡು ಕೂತಿರುವವರು ಹತ್ತು ನಿಮಿಷದಲ್ಲಿ ಅರ ಹಾಕಿ ಕೊಡುತ್ತಾರೆ. ನಾನು ಕೊನೆಯ ಸಲ ಕೊಟ್ಟದ್ದು 60 ರೂಪಾಯಿ. ವರ್ಷಗಟ್ಟಲೆ ಬಾಳುತ್ತದೆ. ಮಾಡಿಸುವಾಗ ಒಂದು ನೆನಪಿಡಿ. ಡುಪ್ಲಿಕೇಟಿನಿಂದ ಇನ್ನೊಂದು ಡುಪ್ಲಿಕೇಟ್ ಮಾಡಿಸಬೇಡಿ, ಪ್ರತಿ ಸಲವೂ ಸ್ವಲ್ಪ ತಪ್ಪು ಸೇರುತ್ತಾ ಹೋಗುತ್ತದೆ. ಬೀಗದ ಜೊತೆ ಬಂದ, ಬಳಸದೇ ಇಟ್ಟ ಕೀಯನ್ನೇ ಮಾದರಿಗೆ ಕೊಡಿ. ಬಾಡಿಗೆ ಮನೆಯಾದರೆ ಓನರಿಗೆ ಹೇಳಿ ಮಾಡಿಸಿ. ಪಿಜಿ, ಆಫೀಸ್ ಕೀಗಳನ್ನು ಕೇಳದೆ ಪ್ಲಾಸ್ಟಿಕ್ಕಿನಲ್ಲೂ ಮಾಡಬೇಡಿ, ಹಿತ್ತಾಳೆಯಲ್ಲೂ ಮಾಡಿಸಬೇಡಿ.

ಹಾಗಾದರೆ ಪ್ಲಾಸ್ಟಿಕ್ ಯಾಕೆ ಬೇಕು? ಪರ್ಸಿನಲ್ಲಿ ಕಾರ್ಡಿನ ಜಾಗದಲ್ಲೇ ಇರುತ್ತದೆ ಅನ್ನುವುದಕ್ಕೆ. ಹಿತ್ತಾಳೆ ಕೀ ಪರ್ಸಿನಲ್ಲಿಟ್ಟರೆ ಚರ್ಮ ಹರಿಯುತ್ತದೆ, ಕೂತಾಗ ಚುಚ್ಚುತ್ತದೆ, ವಾರದೊಳಗೆ ಬೇಸತ್ತು ತೆಗೆದಿಡುತ್ತೀರಿ. ಇನ್ನೊಂದು ಸಂದರ್ಭವೂ ಇದೆ. ರಾತ್ರಿ ಒಂದೇ ಕೀ ಉಳಿದಿದೆ, ನಾಳೆ ಭಾನುವಾರ, ಮನೆಯಲ್ಲಿ ಇಬ್ಬರು ಬೇರೆ ಬೇರೆ ಹೊತ್ತಿಗೆ ಹೊರಗೆ ಹೋಗಬೇಕು. ಅಂಥ ದಿನ ಅರ್ಧ ಗಂಟೆಯಲ್ಲಿ ಒಂದು ಕಾರ್ಡ್ ಕೀ ಮಾಡಿಕೊಂಡರೆ ಸೋಮವಾರದವರೆಗೆ ಸಾಗುತ್ತದೆ. ಐದಾರು ಸಲಕ್ಕಿಂತ ಜಾಸ್ತಿ ಅದನ್ನು ನಂಬಬೇಡಿ.

ತ್ರೀಡಿ ಪ್ರಿಂಟರ್ ಇರುವವರು ಅದರಲ್ಲಿ ಮಾಡಬಹುದು. ಅದರಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಅನ್ನೋ ಪ್ಲಾಸ್ಟಿಕ್ 60 ಡಿಗ್ರಿ ಹತ್ತಿರ ಮೆತ್ತಗಾಗುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನೊಳಗೆ ಮರೆತರೆ ಹಲ್ಲು ಸೊಟ್ಟಗಾಗಬಹುದು.

ಹೂಕುಂಡದ ಕೆಳಗೆ, ಮೀಟರ್ ಬಾಕ್ಸಿನ ಮೇಲೆ, ಚಪ್ಪಲಿ ಸ್ಟ್ಯಾಂಡಿನ ಹಳೇ ಶೂ ಒಳಗೆ ಕೀ ಇಡುವುದು ಎಲ್ಲರಿಗೂ ಗೊತ್ತಿರುವ ಜಾಗ. ಕಳ್ಳರಿಗೂ ಗೊತ್ತು. ಗೋಡೆಗೆ ಹೊಡೆಯುವ ನಂಬರ್ ಲಾಕ್ ಕೀ ಬಾಕ್ಸ್ ಅದಕ್ಕಿಂತ ಎಷ್ಟೋ ಮೇಲು. ವಯಸ್ಸಾದವರಿಗೆ ನಂಬರ್ ನೆನಪಿರಬೇಕು, ಕತ್ತಲಲ್ಲಿ ಕಾಣಬೇಕು, ಅಷ್ಟೇ ತೊಂದರೆ. ಡಿಜಿಟಲ್ ಲಾಕ್ ಹಾಕಿಸುವವರು ಅದರ ತುರ್ತು ಕೀಯನ್ನು ಮನೆಯೊಳಗೇ ಇಡುತ್ತಾರೆ. ಬ್ಯಾಟರಿ ಮುಗಿದ ದಿನ ಅದು ಒಳಗಿದ್ದು ಏನು ಉಪಯೋಗ? ಹೊರಗಿಂದ ಬ್ಯಾಟರಿ ಅಥವಾ ಪವರ್ ಬ್ಯಾಂಕ್ ತಾಗಿಸಿ ತೆರೆಯುವ ವ್ಯವಸ್ಥೆ ಇದೆಯಾ ಅಂತ ಕೊಳ್ಳುವಾಗಲೇ ಕೇಳಿ.

ಪಕ್ಕದ ಮನೆಯಲ್ಲಿ ಒಂದು ಕೀ. ನನ್ನ ಮಟ್ಟಿಗೆ ಅಮ್ಮನ ಥರದವರಿಗೆ ಇದಕ್ಕೆ ಸಾಟಿ ಯಾವುದೂ ಇಲ್ಲ. ಬರಿಗೈಯಲ್ಲಿ, ಬರಿಗಾಲಲ್ಲಿ ಹೊರಗೆ ಬಂದವರಿಗೆ ಪರ್ಸಿನಲ್ಲಿರುವ ಪ್ಲಾಸ್ಟಿಕ್ ಕೀಯಿಂದ ಏನೂ ಆಗುವುದಿಲ್ಲ, ಪರ್ಸೇ ಒಳಗಿರುತ್ತದೆ. ಜೊತೆಗೆ ನೈಟ್ ಲ್ಯಾಚಿನ ಒಳಬದಿಯಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ, ನೋಡಿ. ನಾಲಿಗೆಯನ್ನು ಹಿಂದಕ್ಕೆ ಎಳೆದು ಆ ಗುಂಡಿ ಹಾಕಿದರೆ ಬಾಗಿಲು ಮುಚ್ಚಿದರೂ ಬೀಗ ಬೀಳುವುದಿಲ್ಲ. ಎಷ್ಟೋ ಮನೆಗಳಲ್ಲಿ ಆ ಗುಂಡಿಯ ಮೇಲೆ ಪೇಂಟ್ ಬಳಿದು ಅದು ಅಲ್ಲಾಡುವುದೇ ಇಲ್ಲ. ನಮ್ಮದೂ ಹಾಗೇ ಇತ್ತು.

ಕೀ ಆಕಾರವೂ ಗುಟ್ಟೇ

ಒಂದು ಮೇಣದಬತ್ತಿ, ಒಂದು ಟೇಪು, ಒಂದು ಕಾರ್ಡು ಇದ್ದರೆ ಕೀ ಆಗುತ್ತದೆ ಅಂತ ನಮಗೆ ಗೊತ್ತಾದ ಮೇಲೆ, ಬೇರೆಯವರಿಗೂ ಗೊತ್ತಿರುತ್ತದೆ. 2008ರಲ್ಲಿ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 195 ಅಡಿ ದೂರದ ಕಟ್ಟಡದ ಮೇಲಿನಿಂದ, ಕೆಫೆ ಮೇಜಿನ ಮೇಲಿದ್ದ ಕೀಗಳ ಫೋಟೋ ತೆಗೆದು, ಅದರಿಂದಲೇ ಹಲ್ಲಿನ ಅಳತೆ ಲೆಕ್ಕ ಹಾಕಿ ತೋರಿಸಿದ್ದರು. ಹಾಗಿರುವಾಗ ಗೃಹಪ್ರವೇಶದ ದಿನ ಹೊಸ ಮನೆಯ ಕೀ ಎತ್ತಿ ಹಿಡಿದು ಫೋಟೋ ಹಾಕುವುದು ಬೇಡ. ಹಾಕಲೇಬೇಕು ಅಂದರೆ ಹಲ್ಲಿನ ಭಾಗ ಮುಷ್ಟಿಯೊಳಗಿರಲಿ. ಕಾರ್ಡ್ ಕೀ ಇರುವ ಪರ್ಸಿನಲ್ಲಿ ಮನೆ ವಿಳಾಸ ಬರೆದ ಆಧಾರ್, ಲೈಸೆನ್ಸ್ ಇಟ್ಟಿದ್ದರೆ, ಪರ್ಸ್ ಕಳೆದ ದಿನ ವಿಳಾಸವೂ ಕೀಯೂ ಒಟ್ಟಿಗೆ ಹೋದಂತೆ. ಅಂಥವರು ಕಾರ್ಡ್ ಕೀಯನ್ನು ಮೊಬೈಲ್ ಕವರಿನ ಹಿಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಕಳೆದೇ ಹೋದರೆ ಬಾಗಿಲು ಬದಲಿಸಬೇಕಿಲ್ಲ, ಲ್ಯಾಚಿನ ಸಿಲಿಂಡರ್ ಮಾತ್ರ ಬದಲಿಸಿದರೂ ಆಗುತ್ತದೆ.

ನಮ್ಮ ಮನೆಯಲ್ಲಿ ಈಗ ಮೂರೂ ಇವೆ. ನನ್ನ ಫೋನಿನ ಹಿಂದೆ ಸಿಮ್ ಕಾರ್ಡಿನಿಂದ ಕತ್ತರಿಸಿದ ಕೀ, ಆಫೀಸಿನ ಡ್ರಾಯರಿನಲ್ಲಿ ಒಂದು ಹಿತ್ತಾಳೆಯದ್ದು, ಪಕ್ಕದ ಮನೆಯ ದೇವರ ಕೋಣೆ ಬಾಗಿಲ ಹಿಂದಿನ ಮೊಳೆಯಲ್ಲಿ ಇನ್ನೊಂದು. ಲ್ಯಾಚಿನ ಗುಂಡಿಯ ಪೇಂಟ್ ಕೆರೆದು ಪೆನ್ಸಿಲ್ ಪುಡಿ ಹಾಕಿದ್ದೇನೆ. ಬೆಳಗ್ಗೆ ರಂಗೋಲಿ ಡಬ್ಬಿ ಎತ್ತಿಕೊಳ್ಳುವ ಮೊದಲು ಅಮ್ಮ ಆ ಗುಂಡಿ ಹಾಕುವ ಸದ್ದು ಮಲಗಿದ್ದಲ್ಲಿಗೇ ಕೇಳಿಸುತ್ತದೆ.